ಮಧುಮಾಲತಿ ಕಡಿದ ಬೇಸಿಗೆ

ಜಯಲತಾ ಮತ್ತು ಪ್ರೇಮನಾಥ ಡೊಂಬಿವಲಿ ಪೂರ್ವದಲ್ಲಿ ಕೆಳಮಾಳಿಗೆಯ ಮನೆ ಕೊಂಡದ್ದು 2004ರಲ್ಲಿ. ಹಿಂಬಾಗಿಲಿನ ಆಚೆಗಿದ್ದ ತುಂಡು ನೆಲವನ್ನು ಏಜೆಂಟ್ ‘ಗಾರ್ಡನ್’ ಎಂದು ಹೇಳಿದ್ದ. ಬಂದು ನೋಡಿದರೆ ಒಂದು ಮಂಚ ಹಾಕುವಷ್ಟು ಅಗಲದ ಪಟ್ಟಿ. ಒಡೆದ ಟೈಲ್ಸು, ಗಟ್ಟಿಯಾದ ಸಿಮೆಂಟಿನ ಹೆಂಟೆ, ಮೇಲಿನ ಮನೆಗಳಿಂದ ಬಿದ್ದ ಬಟ್ಟೆಯ ಕ್ಲಿಪ್ಪುಗಳು. ಕಂಪೌಂಡ್ ಗೋಡೆಯ ಆಚೆ ತೆರೆದ ಗಟಾರ. ಸಂಜೆಯಾದರೆ ಗಟಾರದ ನಾತದ ಜೊತೆಗೆ ಕಾರ್ಖಾನೆಗಳ ಕಡೆಯಿಂದ ಗಾಳಿ ಬೀಸಿ ಮೂಗು ಉರಿಯುತ್ತಿತ್ತು.

‘ಇಷ್ಟು ದುಡ್ಡು ಕೊಟ್ಟು ಈ ವಾಸನೆ ಕೊಂಡ ಹಾಗಾಯ್ತಲ್ಲ’ ಎಂದು ಜಯಲತಾ ತುಳುವಿನಲ್ಲಿ ಗೊಣಗಿದಳು. ಕಾರ್ಕಳದ ಕಡೆಯವನಾದ ಪ್ರೇಮನಾಥ ಠಾಣೆಯ ಮಾಜಿವಾಡಾದಲ್ಲಿ ಒಂದು ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದ. ಮಾತು ಕಡಿಮೆ. ಹೋಟೆಲಿನ ಪಕ್ಕದಲ್ಲಿ ಒಂದು ಹಳೆಯ ಬಂಗಲೆಯನ್ನು ಟವರ್ ಕಟ್ಟುವುದಕ್ಕಾಗಿ ಕೆಡವುತ್ತಿದ್ದರು. ಅದರ ಗೇಟಿನ ಕಮಾನಿನ ಮೇಲೆ ಮಧುಮಾಲತಿ ಹಬ್ಬಿತ್ತು. ಒಂದು ದಿನ ಪ್ರೇಮನಾಥ ಅದರ ಬುಡದಿಂದ ಎದ್ದಿದ್ದ ಒಂದು ಕಂದನ್ನು ಬೇರುಸಹಿತ ಕಿತ್ತು, ಒದ್ದೆ ಗೋಣಿಯಲ್ಲಿ ಸುತ್ತಿ, ಸಂಜೆಯ ಲೋಕಲ್‌ನಲ್ಲಿ ತಲೆಯ ಮೇಲೆ ಎತ್ತಿ ಹಿಡಿದುಕೊಂಡು ತಂದ. ಕೆಸರು ನೀರು ಯಾರದೋ ಶರ್ಟಿನ ಮೇಲೆ ಸೋರಿ ಬೈಸಿಕೊಂಡನಂತೆ.

‘ನೆಡು’ ಎಂದ. ‘ನಾಲ್ಕು ವರ್ಷದಲ್ಲಿ ಗಟಾರದ ನೆನಪೇ ಆಗುವುದಿಲ್ಲ.’

ಜಯಲತಾ ಸಿಮೆಂಟು ಅಗೆದು ತೆಗೆದಳು. ಕೆಂಪು ಮಣ್ಣಿನ ಚೀಲ ತರಿಸಿದಳು. ಅಕ್ಕಿ ತೊಳೆದ ನೀರು, ಮೀನು ತೊಳೆದ ನೀರು, ಚಹಾದ ಚರಟ ಎಲ್ಲ ಅದಕ್ಕೇ. ಮೊದಲ ಮಳೆಗಾಲ ಅದು ಕಡ್ಡಿಯ ಹಾಗೇ ನಿಂತಿತ್ತು. ಎರಡನೆಯ ಮಳೆಗಾಲಕ್ಕೆ ಒಮ್ಮೆಲೇ ಎದ್ದು ಕೈಗೆ ಸಿಗದಷ್ಟು ಎತ್ತರ ಹೋಗಿ, ಹಿಡಿಯುವುದಕ್ಕೆ ಏನೂ ಇಲ್ಲದೆ ಗಾಳಿಯಲ್ಲಿ ತೂಗಾಡತೊಡಗಿತು.

ಆಗ ಮೇಲಿನ ಕಿಟಕಿಯಿಂದ ಒಬ್ಬ ಹೆಂಗಸು ಬಗ್ಗಿ ನೋಡಿ, ‘ಅಕ್ಕಾರ, ಒಂದ್ ಹಗ್ಗಾ ಒಗೀರಿ ಮ್ಯಾಲ. ನಮ್ಮ ಗ್ರಿಲ್ಲಿಗಿ ಕಟ್ಟತೀನಿ’ ಎಂದಳು.

ಅವಳೇ ಸುಲೋಚನಾ. ವಿಜಯಪುರದ ಇಂಡಿ ಕಡೆಯವಳು. ಗಂಡ ಗುರುನಾಥ ಬಣ್ಣದ ಕಾರ್ಖಾನೆಯೊಂದರಲ್ಲಿ ಮಷೀನ್ ಆಪರೇಟರ್. ಮಗಳು ಸೋನಾಲಿ ಆಗ ಒಂದನೆಯ ಕ್ಲಾಸಿಗೆ ಹೋಗುತ್ತಿದ್ದಳು. ಒಂದೇ ಕಟ್ಟಡದಲ್ಲಿ ಒಂದು ವರ್ಷದಿಂದ ಇದ್ದರೂ, ಆ ಹೆಂಗಸು ಕನ್ನಡದವಳೆಂದು ಜಯಲತಾಳಿಗೆ ಗೊತ್ತಾದದ್ದು ಆ ದಿನ.

‘ಅಯ್ಯೋ, ನೀವು ನಮ್ಮ ಕಡೆಯವರಾ! ಮೊದಲೇ ಹೇಳ್ಬಾರ್ದಾ ಮಾರಾಯ್ರೆ?’

‘ನೀವ್ ಮಾತಾಡೂದ್ ಕೇಳಿ ಕೇರಳದವ್ರು ಅಂದ್ಕೊಂಡಿದ್ನಿರಿ. ನಿನ್ನಿ ಫೋನಿನಾಗ ಕನ್ನಡಾ ಆಡಿದ್ದ ಕೇಳಿ ಗೊತ್ತಾತು’ ಎಂದು ಸುಲೋಚನಾ ನಕ್ಕಳು.

ಬಳ್ಳಿ ಹಗ್ಗ ಹಿಡಿದು ಮೇಲೆ ಹೋಯಿತು. ಬೇರು ಜಯಲತಾಳ ನೆಲದಲ್ಲಿ, ಹೂವು ಪೂರ್ತಿ ಸುಲೋಚನಾಳ ಕಿಟಕಿಯಲ್ಲಿ. ಕೆಳಗೆ ಬರೀ ಒರಟು ಕಾಂಡ, ನಾಲ್ಕು ಎಲೆ. ಸಂಜೆ ಅರಳುವಾಗ ಬೆಳ್ಳಗಿರುವ ಗೊಂಚಲು ಬೆಳಗಾಗುವಷ್ಟರಲ್ಲಿ ಗುಲಾಬಿ ಬಣ್ಣಕ್ಕೆ ತಿರುಗಿ, ಆಮೇಲೆ ಕೆಂಪಾಗುತ್ತಿತ್ತು. ಸುಲೋಚನಾ ಕೈಗೆ ಸಿಕ್ಕಷ್ಟು ಬಿಡಿಸಿ ಪ್ಲಾಸ್ಟಿಕ್ ಬುಟ್ಟಿಯಲ್ಲಿ ಹಗ್ಗ ಕಟ್ಟಿ ಇಳಿಸುತ್ತಿದ್ದಳು. ಖಾಲಿ ಬುಟ್ಟಿ ಮೇಲೆ ಹೋಗುವಾಗ ಜಯಲತಾ ಅದರಲ್ಲಿ ನೀರುದೋಸೆಯನ್ನೋ ಅರಿಶಿನ ಎಲೆಯ ಕಡುಬನ್ನೋ ಇಡುತ್ತಿದ್ದಳು. ಮೀನಿನ ಪಾತ್ರೆ ಮುಟ್ಟದೆ ಮಾಡಿದ್ದು ಎಂದು ಕೂಗಿ ಹೇಳುವುದನ್ನು ಮರೆಯುತ್ತಿರಲಿಲ್ಲ, ಸುಲೋಚನಾಳ ಮನೆಯಲ್ಲಿ ಲಿಂಗಪೂಜೆ ಇತ್ತು. ಮೇಲಿನಿಂದ ಶೇಂಗಾ ಹಿಂಡಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬರುತ್ತಿದ್ದವು. ಮಧುಮಾಲತಿಯ ಉದ್ದನೆಯ ತೊಟ್ಟುಗಳನ್ನು ದಾರವಿಲ್ಲದೆ ಜಡೆಯಂತೆ ಹೆಣೆಯುವುದನ್ನು ಜಯಲತಾ ಸೋನಾಲಿಗೆ ಕಲಿಸಿದಳು. ಆ ಹುಡುಗಿ ಕನ್ನಡದಲ್ಲಿ ಕೇಳಿಸಿಕೊಂಡು ಹಿಂದಿಯಲ್ಲಿ ಉತ್ತರ ಕೊಡುತ್ತಿತ್ತು. ಜಯಲತಾಳ ಮಗ ಸಮಿತ್ ಕೂಡ ಹಾಗೆಯೇ ಇದ್ದುದರಿಂದ ಯಾರಿಗೂ ಅದು ವಿಚಿತ್ರ ಅನ್ನಿಸಲಿಲ್ಲ.

ಹೀಗೆ ಎಂಟು ವರ್ಷ ಹೋದವು. ಗಟಾರಕ್ಕೆ ಮುನ್ಸಿಪಾಲಿಟಿಯವರು ಚಪ್ಪಡಿ ಮುಚ್ಚಿದರು. ಬಳ್ಳಿ ಎರಡನೆಯ ಮಾಳಿಗೆಯ ಕಿಟಕಿಯ ಮೇಲಿನ ಸಜ್ಜೆಯನ್ನು ಹಿಡಿಯಿತು.

2013ರ ಚಳಿಗಾಲದಲ್ಲಿ ಸುಲೋಚನಾಳ ಎದೆಯಲ್ಲಿ ಗಂಟು ಕಾಣಿಸಿತು. ಅವಳು ಮೊದಲು ಹೇಳಿದ್ದು ಜಯಲತಾಳಿಗೆ. ಗಂಡನಿಗೆ ಹೇಳುವುದಕ್ಕೆ ಇನ್ನೂ ಒಂದು ವಾರ ತೆಗೆದುಕೊಂಡಳು. ಪರೇಲ್‌ನ ಕ್ಯಾನ್ಸರ್ ಆಸ್ಪತ್ರೆಗೆ ಜಯಲತಾಳೇ ಜೊತೆಗೆ ಹೋದಳು. ಆಪರೇಷನ್ ಆಯಿತು. ಮಾರ್ಚಿನಲ್ಲಿ ಕೀಮೋ ಶುರುವಾಯಿತು. ಅಷ್ಟರಲ್ಲಿ ಗುರುನಾಥ ಕಾರ್ಖಾನೆಯಿಂದ ರಜೆ ಹಾಕಿಕೊಂಡು ತಾನೇ ಕರೆದುಕೊಂಡು ಹೋಗತೊಡಗಿದ.

ಏಪ್ರಿಲ್ ಬರುತ್ತಿದ್ದಂತೆ ಬಳ್ಳಿ ಎಂದಿಲ್ಲದಷ್ಟು ಹೂ ಬಿಟ್ಟಿತು. ಅದೇ ಹೊತ್ತಿಗೆ ಮೇಲಿನ ಕಿಟಕಿ ಮುಚ್ಚಿತು.

ಮೊದಮೊದಲು ಜಯಲತಾ, ಬಿಸಿಲಿಗೆ ಮುಚ್ಚಿರಬೇಕು ಅಂದುಕೊಂಡಳು. ಆದರೆ ಸಂಜೆಯೂ ತೆರೆಯಲಿಲ್ಲ. ಮೈಯಿಂದ ಬೆವರು ಹರಿದು ಹೋಗುವ ಆ ಸೆಕೆಯಲ್ಲಿ ಗಾಜಿನ ಬಾಗಿಲೂ ಮುಚ್ಚಿ, ಒಳಗೆ ದಪ್ಪ ಚಾದರವನ್ನೂ ಕಟ್ಟಿದ್ದರು. ಬುಟ್ಟಿ ಇಳಿಯಲಿಲ್ಲ. ಮೆಟ್ಟಿಲಿನಲ್ಲಿ ಗುರುನಾಥ ಸಿಕ್ಕಾಗ ಕೇಳಿದಳು.

‘ಏನಿಲ್ರೀ ಅಕ್ಕಾರ, ಆಕಿಗಿ ವಾಸನಿ ತಡಿಯೂದಿಲ್ಲ ಈಗ. ವಾಂತಿ ಆಗತೈತಿ’ ಎಂದು ಅವನು ನೆಲ ನೋಡುತ್ತ ಹೇಳಿ ಮೇಲೆ ಹತ್ತಿದ.

ಜಯಲತಾಳಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ಅವಳ ಅಡುಗೆಮನೆಯ ಕಿಟಕಿ ಸರಿಯಾಗಿ ಸುಲೋಚನಾಳ ಕಿಟಕಿಯ ಕೆಳಗೆ. ದಿನಾ ಮಧ್ಯಾಹ್ನ ಬಂಗುಡೆಯೋ ಬೂತಾಯಿಯೋ ಕಾವಲಿಯ ಮೇಲೆ ಇರುತ್ತಿತ್ತು. ಇಷ್ಟು ವರ್ಷ ಅವರು ಒಂದು ಮಾತೂ ಆಡದೆ ಸಹಿಸಿದ್ದರು. ಈಗ ಕಾಯಿಲೆಯವಳಿಗೆ ಆಗುತ್ತಿಲ್ಲ, ಹೇಳುವುದಕ್ಕೂ ಆಗುತ್ತಿಲ್ಲ.

ಆ ದಿನದಿಂದ ಮನೆಯಲ್ಲಿ ಮೀನು ನಿಂತಿತು. ಒಣಮೀನಿನ ಡಬ್ಬಿಯನ್ನು ಎದುರು ಮನೆಯವರಿಗೆ ಕೊಟ್ಟಳು. ಪ್ರೇಮನಾಥ ಕೊಟ್ಟದ್ದನ್ನು ಉಂಡು ಎದ್ದ. ಸಮಿತ್ ಮಾತ್ರ ಊಟಕ್ಕೆ ಕೂತು, ‘ಮಮ್ಮೀ, ಆಜ್ ಭೀ ದಾಲ್?’ ಎಂದು ಮುಖ ಸಿಂಡರಿಸಿದ.

‘ಮೇಲಿನ ಆಂಟಿಗೆ ಹುಷಾರಾಗುವವರೆಗೆ ದಾಲೇ. ಬೇಕಾದರೆ ಉಣ್ಣು.’

ಆದರೂ ಕಿಟಕಿ ತೆರೆಯಲಿಲ್ಲ. ಒಗ್ಗರಣೆಗೆ ಬೆಳ್ಳುಳ್ಳಿ ಬಿಟ್ಟಳು, ತೆರೆಯಲಿಲ್ಲ. ಕೊನೆಗೆ ಒಂದು ಸಂಜೆ ಸೋನಾಲಿ ಹಾಲಿನ ಪ್ಯಾಕೆಟ್ ತಂದುಕೊಂಡು ಮೆಟ್ಟಿಲು ಹತ್ತುವಾಗ ಜಯಲತಾ ಅವಳನ್ನು ಒಳಗೆ ಕರೆದು ಕೂರಿಸಿದಳು.

‘ನಾವು ಮೀನು ಮಾಡುದು ಬಿಟ್ಟು ತಿಂಗಳಾಯ್ತು ಮಗಾ. ಅಮ್ಮನಿಗೆ ಇನ್ನೂ ವಾಸನೆ ಬರ್ತದಾ?’

ಸೋನಾಲಿ ಹಾಲಿನ ಪ್ಯಾಕೆಟ್ಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದಳು. ‘ಆಂಟೀ, ಮಛಲೀ ನಹೀ. ಮಛಲೀ ಸೇ ಕುಛ್ ನಹೀ ಹೋತಾ ಮಮ್ಮೀ ಕೋ.’ ಆಮೇಲೆ ಹಿಂಬಾಗಿಲ ಕಡೆ ನೋಡಿದಳು. ‘ವೋ... ಫೂಲ್.’

ಮೀನಲ್ಲ, ಆ ಹೂವು. ಹೊರಗೆ ಆಗಷ್ಟೇ ಗೊಂಚಲುಗಳು ಬಿರಿಯತೊಡಗಿದ್ದವು. ಆ ಕಂಪು ಮನೆಯೊಳಕ್ಕೂ ಬಂದಿತ್ತು. ಅವಳಿಗೆ ಅದು ದಿನವೂ ಇರುವುದೇ ಆದ್ದರಿಂದ ಗೊತ್ತೇ ಆಗಿರಲಿಲ್ಲ.

ಮೇಲೆ ಹೋದಾಗ ಸುಲೋಚನಾ ಕಿಟಕಿಯಿಂದ ದೂರದ ಗೋಡೆಗೆ ಒರಗಿ ನೆಲದ ಮೇಲೆ ಕುಳಿತಿದ್ದಳು. ತಲೆಗೆ ಸೆರಗು ಸುತ್ತಿದ್ದಳು. ಮೂಗಿನ ಹತ್ತಿರ ನಿಂಬೆಹಣ್ಣಿನ ಹೋಳು ಹಿಡಿದಿದ್ದಳು. ಕೋಣೆ ಒಲೆಯ ಹಾಗೆ ಕಾದಿತ್ತು. ಫ್ಯಾನು ಅದೇ ಬಿಸಿ ಗಾಳಿಯನ್ನು ತಿರುವಿ ಹಾಕುತ್ತಿತ್ತು.

‘ಹೇಳ್ಬಾರ್ದಾ ನಂಗೆ?’ ಎಂದು ಜಯಲತಾ ಕೇಳಿದಳು. ‘ಇಷ್ಟು ದಿನ ಈ ಸೆಕೆಯಲ್ಲಿ ಬೆಂದ್ರಲ್ಲ. ನಾನು ಯಾರೋ ಹೊರಗಿನವಳಾ?’

‘ಏನಂತ ಹೇಳ್ಲಿರಿ? ನಿಮ್ ಹೂವಿನ ವಾಸನಿ ನನಗ ಹೇಸಿಕಿ ಆಗಾಕತ್ತೈತಿ ಅಂತನಾ?’ ಸುಲೋಚನಾಳ ದನಿ ಸಣ್ಣದಾಗಿತ್ತು. ‘ಮೊದಲ ಇಂಜೆಕ್ಷನ್ ತಗೊಂಡ್ ಬಂದ್ ದಿನಾ ಈ ಕಿಟಕಿ ತಗದ ಮಲಗಿದ್ನಿರಿ. ರಾತ್ರಿಯಿಡೀ ವಾಂತಿ. ಅವತ್ತಿಂದ ಆ ವಾಸನಿ ಬಂತಂದ್ರ ಹೊಟ್ಟಿ ತಿರುವತೈತಿ. ಹೂವಿಂದೇನ್ ತಪ್ಪೈತ್ರಿ?’

‘ನಾಳೆಯೇ ಕಡಿಸ್ತೇನೆ.’

ಸುಲೋಚನಾ ತಟ್ಟನೆ ಮುಂದೆ ಬಾಗಿ ಅವಳ ಕೈ ಹಿಡಿದಳು. ‘ಬ್ಯಾಡ್ರಿ. ನನ್ನಾಣಿ ಐತಿ ಅಕ್ಕಾರ. ಕಡೀಬ್ಯಾಡ್ರಿ. ಇನ್ನೆರಡ ತಿಂಗಳ ಅಷ್ಟ. ಆಮ್ಯಾಲೆ ಎಲ್ಲಾ ಮುಗೀತೈತಿ.’

ಆಣೆ ಹಾಕಿದ ಮೇಲೆ ಜಯಲತಾ ಬೇರೆ ದಾರಿ ಹುಡುಕಿದಳು. ಮೊಗ್ಗು ಅರಳುವುದು ಸಂಜೆ. ಅದಕ್ಕೆ ಮೊದಲೇ ಕಿತ್ತರಾಯಿತು. ಮಧ್ಯಾಹ್ನ ಊಟವಾದ ಮೇಲೆ ಸ್ಟೂಲಿನ ಮೇಲೆ ನಿಂತು, ಬಟ್ಟೆ ಹಾಕುವ ಕೋಲಿನ ತುದಿಗೆ ಕೊಕ್ಕೆ ಕಟ್ಟಿ ಮೊಗ್ಗುಗಳನ್ನು ಎಳೆದಳು. ಭಾನುವಾರ ಪ್ರೇಮನಾಥ ಏಣಿ ತಂದು ಹತ್ತಿದ. ಎಲೆ ಉದುರಿದ ಜಾಗದಲ್ಲಿ ಉಳಿಯುವ ಮುಳ್ಳಿನಂಥ ತೊಟ್ಟುಗಳು ಅವನ ಮೊಳಕೈ ತುಂಬ ಗೀರಿದವು. ಬಕೆಟ್ಟು ತುಂಬ ಮೊಗ್ಗು ಕಿತ್ತು ಸುರಿದರೂ ಎರಡನೆಯ ಮಾಳಿಗೆಯ ಸಜ್ಜೆಯ ಮೇಲಿದ್ದವು ಕೈಗೆ ಸಿಗಲಿಲ್ಲ. ಸಂಜೆಯಾದ ಕೂಡಲೇ ಅವು ಅರಳಿದವು. ಅಷ್ಟೇ ಸಾಕಿತ್ತು. ಮೇಲಿನ ಬಚ್ಚಲಿನಿಂದ ಓಕರಿಕೆಯ ಸದ್ದು ಕೆಳಗಿನ ಅಡುಗೆಮನೆಗೆ ಕೇಳಿಸಿತು. ಜಯಲತಾ ಸ್ಟವ್ ಆರಿಸಿ ನಿಂತುಬಿಟ್ಟಳು.

‘ಬಳ್ಳಿ ತಂದವನು ನಾನು’ ಎಂದ ಪ್ರೇಮನಾಥ. ‘ನಾನೇ ಕಡಿಯುತ್ತೇನೆ. ಆಣೆ ನಿನಗೆ ಹಾಕಿದ್ದು, ನನಗಲ್ಲ.’

‘ನೀರು ಹಾಕಿದವಳು ನಾನು’ ಎಂದಳು ಜಯಲತಾ.

ಸುಲೋಚನಾ ಮತ್ತು ಗುರುನಾಥ ಮುಂದಿನ ಕೀಮೋಗೆ ಪರೇಲ್‌ಗೆ ಹೋದ ದಿನ, ಮಧ್ಯಾಹ್ನ, ಅವಳು ತೆಂಗಿನಕಾಯಿ ಸುಲಿಯುವ ಕತ್ತಿಯನ್ನು ಹಿಡಿದು ಹಿಂದೆ ಹೋದಳು. ಬುಡ ಅವಳ ಮಣಿಕಟ್ಟಿಗಿಂತ ದಪ್ಪವಾಗಿತ್ತು. ಮೊದಲ ಏಟು ಜಾರಿತು. ಆಮೇಲೆ ಕುಕ್ಕರುಗಾಲಿನಲ್ಲಿ ಕೂತು, ಒಂದೇ ಜಾಗಕ್ಕೆ ಹೊಡೆದು ಹೊಡೆದು ತುಂಡು ಮಾಡಿದಳು. ಅಳು ಬರಲಿಲ್ಲ. ಕಡಿದ ಮೇಲೂ ಬಳ್ಳಿ ಬೀಳಲಿಲ್ಲ. ಗ್ರಿಲ್ಲುಗಳನ್ನು ಹಿಡಿದುಕೊಂಡು ಏನೂ ಆಗದ ಹಾಗೆ ಹಸಿರಾಗಿಯೇ ನಿಂತಿತ್ತು. ಮರುದಿನದ ಬಿಸಿಲಿಗೆ ಎಲೆಗಳೆಲ್ಲ ಜೋತುಬಿದ್ದವು. ಅದರ ಮರುದಿನ ಪ್ರೇಮನಾಥ ಏಣಿ ಹತ್ತಿ ಒಣಗಿದ್ದನ್ನೆಲ್ಲ ಎಳೆದು ಹಾಕುತ್ತಿದ್ದಾಗ ಮೇಲಿನ ಕಿಟಕಿ ಸದ್ದು ಮಾಡಿ ತೆರೆಯಿತು. ಎಷ್ಟೋ ದಿನಗಳ ಮೇಲೆ ಸುಲೋಚನಾಳ ಮುಖ ಅಲ್ಲಿ ಕಾಣಿಸಿತು. ಹುಬ್ಬು ಕೂಡ ಉದುರಿದ್ದವು.

‘ಯಾರ್ ಕಡದ್ರು?’

‘ನಾನೇ’ ಎಂದಳು ಜಯಲತಾ ಕೆಳಗಿನಿಂದ.

‘ನಾ ಆಣಿ ಹಾಕಿದ್ನಿಲ್ರೀ?’

‘ಹಾಕಿದ್ರಿ. ನಂಗೆ ನೋಡ್ಲಿಕ್ಕೆ ಆಗ್ಲಿಲ್ಲ ಸುಲೋಚನಾ.’

‘ನಿಮಗ್ ನೋಡಾಕಾಗ್ಲಿಲ್ಲ.’ ಸುಲೋಚನಾ ಗ್ರಿಲ್ಲನ್ನು ಗಟ್ಟಿಯಾಗಿ ಹಿಡಿದಿದ್ದಳು. ‘ನಾ ಇಲ್ಲಿ ಏನಂತ ಕುಂತಿದ್ದೆ ಗೊತ್ತೈತೇನ್ರಿ? ಆರಾಮಾದ್ ದಿನಾ ಈ ಕಿಟಕಿ ತಗದು, ಮುಖಾ ಹೊರಗ ಹಾಕಿ, ಹೊಟ್ಟಿ ತುಂಬ ಆ ವಾಸನಿ ತಗೋತೀನಿ ಅಂತ ಕುಂತಿದ್ದೆ. ಅದೊಂದ ಇತ್ತು ನನಗ. ನೀವು ಅಲ್ಲಿತನಾ ತಡೀಲಿಲ್ಲ. ಅಂದ್ರ ನಾ ಆರಾಮಾಗೂದಿಲ್ಲ ಅಂತ ನಿಮಗ್ ಖಾತ್ರಿ ಆಗೈತಿ.’

‘ಹಾಗೆಲ್ಲ ಅಲ್ಲ ಮಾರಾಯ್ತಿ...’

ಕಿಟಕಿ ಮುಚ್ಚಿತು.

ಜಯಲತಾ ಆಗ ಅತ್ತಳು. ಹಿಂಬಾಗಿಲ ಹೊಸ್ತಿಲಲ್ಲಿ ಕೂತು, ಒಣಗಿದ ಬಳ್ಳಿಯ ರಾಶಿಯ ಮುಂದೆ, ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಪ್ರೇಮನಾಥ ಏಣಿಯಿಂದ ಇಳಿದು ಬಂದು ಪಕ್ಕದಲ್ಲಿ ಕೂತ. ಸುಲೋಚನಾ ಹೇಳಿದ್ದು ತಪ್ಪೆಂದು ಅವನು ಹೇಳಲಿಲ್ಲ.

ಆ ಮುನಿಸು ಒಂದು ವಾರಕ್ಕಿಂತ ಹೆಚ್ಚು ನಡೆಯಿತು. ಜಯಲತಾ ಗಂಜಿ ಕಳಿಸಿದರೆ ಪಾತ್ರೆ ತೊಳೆದು ವಾಪಸು ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಒಂದು ಬೆಳಿಗ್ಗೆ ಸೋನಾಲಿ ಬಾಗಿಲಲ್ಲಿ ನಿಂತು, ‘ಆಂಟೀ, ಮಮ್ಮೀ ಬುಲಾ ರಹೀ ಹೈ’ ಎಂದಳು.

ಸುಲೋಚನಾ ಮಂಚವನ್ನು ಕಿಟಕಿಯ ಕೆಳಗೆ ಸರಿಸಿಕೊಂಡು ಮಲಗಿದ್ದಳು. ಎರಡೂ ಬಾಗಿಲು ತೆರೆದಿದ್ದವು. ಚಾದರ ತೆಗೆದಿದ್ದರು. ಆಕಾಶದಲ್ಲಿ ಮಳೆಗೆ ಮೊದಲಿನ ಮೋಡ ಕವಿದಿತ್ತು.

‘ಗಾಳಿ ಬರಾಕತ್ತೈತ್ರಿ ಅಕ್ಕಾರ’ ಎಂದಳು. ‘ನಿನ್ನೆ ರಾತ್ರಿ ನಿದ್ದಿ ಹತ್ತಿತು. ಭಾಳ ದಿನದ ಮ್ಯಾಲ.’

ಜಯಲತಾ ಮಂಚದ ಅಂಚಿನಲ್ಲಿ ಕೂತಳು.

‘ಬೇರ್ ಕಿತ್ತೀರೇನು?’

‘ಇಲ್ಲ. ಬೇರು ಉಂಟು.’

‘ಹಂಗಾದ್ರ ಮಳಿಗಿ ಚಿಗರತೈತಿ. ನೀರ್ ಹಾಕ್ರಿ’ ಎಂದಳು ಸುಲೋಚನಾ. ಕ್ಷಮಿಸಿದೆ ಎಂದೇನೂ ಅವಳು ಹೇಳಲಿಲ್ಲ. ಜಯಲತಾಳೂ ಕೇಳಲಿಲ್ಲ.

ಜೂನಿನ ಮಳೆಗೆ ಬುಡದಿಂದ ಕೆಂಪು ಚಿಗುರು ಎದ್ದಿತು. ದಿನಾ ಬೆಳಿಗ್ಗೆ ಜಯಲತಾ ಮೇಲೆ ಹೋದ ಕೂಡಲೇ ಸುಲೋಚನಾ ಮೊದಲು ಕೇಳುತ್ತಿದ್ದದ್ದು ಅದನ್ನೇ. ಎಷ್ಟು ಬಂತು? ಮೊಳದಷ್ಟು. ಎಲೆ ಎಷ್ಟಾದವು? ನೋಡಿಲ್ಲ ಮಾರಾಯ್ತಿ, ನಾಳೆ ನೋಡಿ ಹೇಳ್ತೇನೆ. ದೀಪಾವಳಿಗೆ ಕೀಮೋ ಎಲ್ಲ ಮುಗಿದು ಮೂರು ತಿಂಗಳಾಗಿರುತ್ತದೆ, ಅಷ್ಟರಲ್ಲಿ ಬಳ್ಳಿ ತನ್ನ ಗ್ರಿಲ್ಲಿಗೆ ಮುಟ್ಟಬೇಕು ಎಂದು ಸುಲೋಚನಾ ಲೆಕ್ಕ ಹಾಕಿದ್ದಳು. ಹೊಸ ನೈಲಾನ್ ಹಗ್ಗವನ್ನು ಗುರುನಾಥನಿಂದ ತರಿಸಿ ಗ್ರಿಲ್ಲಿಗೆ ಕಟ್ಟಿಸಿ ಕೆಳಗೆ ಇಳಿಬಿಟ್ಟಳು.

ಜುಲೈ ಕೊನೆಗೆ ಡಾಕ್ಟರು ಕೀಮೋ ನಿಲ್ಲಿಸಿದರು. ರೋಗ ಲಿವರಿಗೆ ಹೋಗಿತ್ತು. ಗುರುನಾಥ ಅದನ್ನು ಮೆಟ್ಟಿಲಿನಲ್ಲಿ ನಿಂತು ಪ್ರೇಮನಾಥನಿಗೆ ಹೇಳಿದ. ಸುಲೋಚನಾಳಿಗೆ ಯಾರೂ ಹೇಳಲಿಲ್ಲ. ಅವಳಿಗೆ ಗೊತ್ತಾಗಿತ್ತೋ ಏನೋ, ಆಮೇಲೆ ಬಳ್ಳಿಯ ವಿಷಯ ಕೇಳುವುದನ್ನು ನಿಲ್ಲಿಸಿದಳು. ಜಯಲತಾ ತಾನಾಗಿಯೇ ಹೇಳುತ್ತಿದ್ದಳು. ‘ನಮ್ಮ ಕಿಟಕಿಗೆ ಬಂತು ಸುಲೋಚನಾ.’ ಅವಳು ಹೂಂ ಅನ್ನುತ್ತಿದ್ದಳು.

ಶ್ರಾವಣದಲ್ಲಿ, ಒಂದು ಮಧ್ಯಾಹ್ನ, ಜೋರು ಮಳೆಯ ನಡುವೆ ಸುಲೋಚನಾ ತೀರಿಕೊಂಡಳು. ಕಿಟಕಿಯಿಂದ ಇರಚಲು ಬರುತ್ತಿತ್ತು. ಜಯಲತಾ ಎದ್ದು ಮುಚ್ಚಲು ಹೋದಾಗ ಗುರುನಾಥ, ‘ಇರಲಿ ಬಿಡ್ರಿ’ ಎಂದ. ಅದೇ ಸಂಜೆ ಆಂಬುಲೆನ್ಸಿನಲ್ಲಿ ಊರಿಗೆ ಒಯ್ದರು. ಮನೆತನದ ಹೊಲದಲ್ಲಿ ಮಣ್ಣು ಕೊಡುವ ಪದ್ಧತಿ. ಗಾಡಿಯಲ್ಲಿ ಜಾಗವಿರಲಿಲ್ಲ. ಜಯಲತಾ ಗೇಟಿನವರೆಗೆ ಹೋಗಿ, ಮಳೆಯಲ್ಲಿ ನಿಂತು, ಹಿಂದಿರುಗಿದಳು.

ಗುರುನಾಥ ಮತ್ತು ಸೋನಾಲಿ ಮರಳಿ ಬಂದ ಮೇಲೆ, ಆ ಹುಡುಗಿ ಶಾಲೆ ಬಿಟ್ಟ ಕೂಡಲೇ ಜಯಲತಾಳ ಮನೆಗೇ ಬರತೊಡಗಿತು. ಹತ್ತನೆಯ ಕ್ಲಾಸಿನ ಪುಸ್ತಕಗಳನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಓದುತ್ತಿತ್ತು. ಜಯಲತಾಳಿಗೆ ಹಿಂದಕ್ಕೆ ಹೋಗಿ ಬಳ್ಳಿಯನ್ನು ನೋಡುವ ಮನಸ್ಸೇ ಇರಲಿಲ್ಲ. ಅದಕ್ಕೆ ನೀರು ಹಾಕಿದ್ದು ಸೋನಾಲಿ. ನೈಲಾನ್ ಹಗ್ಗಕ್ಕೆ ಅದನ್ನು ಸುತ್ತಿಸಿ ಬಿಟ್ಟವಳೂ ಅವಳೇ. ಮರುವರ್ಷ ಪರೀಕ್ಷೆ ಮುಗಿಯುವ ಹೊತ್ತಿಗೆ ಅದು ಮೇಲಿನ ಗ್ರಿಲ್ಲನ್ನು ಹಿಡಿದಿತ್ತು. ಮೇ ತಿಂಗಳಲ್ಲಿ ನಾಲ್ಕಾರು ಗೊಂಚಲು ಬಿಟ್ಟಿತು.

ಮೊದಲ ಗೊಂಚಲು ಅರಳಿದ ಸಂಜೆ ಗುರುನಾಥ ಶಿಫ್ಟ್ ಮುಗಿಸಿ ಬಂದ. ಸ್ವಲ್ಪ ಹೊತ್ತಿನಲ್ಲೇ ಮೇಲಿನ ಕಿಟಕಿ ಮುಚ್ಚಿದ ಸದ್ದು ಕೇಳಿಸಿತು. ಮರುದಿನವೂ, ಅದರ ಮರುದಿನವೂ ಅದು ತೆರೆಯಲಿಲ್ಲ.

ಜಯಲತಾ ಮೇಲೆ ಹೋಗಿ ಬಾಗಿಲಲ್ಲೇ ನಿಂತು ಕೇಳಿದಳು. ‘ಗುರುನಾಥರೇ, ನಿಮಗೆ ಕಷ್ಟ ಆಗ್ತದೆ ಅಂತಾದ್ರೆ ಹೇಳಿ. ಈ ಸಲ ಬೇರು ಸಮೇತ ತೆಗೆಸ್ತೇನೆ.’

ಅವನು ಮುಚ್ಚಿದ ಕಿಟಕಿಯ ಕಡೆ ನೋಡಿದ. ‘ಎಷ್ಟ್ ಸಲ ಕಡೀತೀರಿ ಅಕ್ಕಾರ?’ ಎಂದ. ‘ಇರಲಿ. ಪೋರಿ ಬೆಳಸ್ಯಾಳ ಅದನ್ನ. ನನಗ ಅದರ ವಾಸನಿ ಬಂತಂದ್ರ ಆಕಿ ಬಚ್ಚಲದಾಗ ಕುಂತಿದ್ದ ನೆನಪಾಗತೈತಿ. ಬ್ಯಾರೆ ನೆನಪ ಬರೂದಿಲ್ಲ. ಹಿಂದಿಂದು ಒಂದೂ ಬರೂದಿಲ್ಲ.’ ಮತ್ತೆ, ‘ನಾವ ಹೋಗ್ತೀವ್ರಿ. ಸೊಲ್ಲಾಪುರದಾಗ ನಮ್ಮಕ್ಕ ಅದಾಳ. ಅಲ್ಲೇ ಒಂದ್ ಮಿಲ್ಲಿನಾಗ ಕೆಲಸಾ ಹೇಳ್ಯಾರ. ಸೋನಾಲಿಗೂ ಮನ್ಯಾಗ ಒಬ್ರು ಹೆಣ್ಮಕ್ಕಳು ಬೇಕಲ್ರೀ’ ಎಂದ.

‘ನಾನಿಲ್ವಾ?’ ಎಂದು ಜಯಲತಾಳ ಬಾಯಿಗೆ ಬಂದಿತ್ತು. ಅವಳು ಅದನ್ನು ಹೇಳಲಿಲ್ಲ.

ಜೂನಿನಲ್ಲಿ ಅವರು ಹೊರಟರು. ಸಾಮಾನು ಟೆಂಪೊದಲ್ಲಿ ಮೊದಲೇ ಹೋಗಿತ್ತು. ಜಯಲತಾ ಮತ್ತು ಪ್ರೇಮನಾಥ ಕಲ್ಯಾಣ್ ಸ್ಟೇಷನ್ನಿನವರೆಗೆ ಜೊತೆಗೆ ಬಂದರು. ರೈಲು ಬರುವ ಮೊದಲೇ ಪ್ಲಾಟ್‌ಫಾರ್ಮಿನಲ್ಲಿ ನೂಕುನುಗ್ಗಲು. ಗುರುನಾಥ ಚೀಲಗಳನ್ನು ಹೊತ್ತು ನುಗ್ಗಿ ಸೀಟು ಹಿಡಿದ. ಸೋನಾಲಿ ಕಿಟಕಿಯ ಕಂಬಿಗಳ ನಡುವೆ ಕೈ ಹಾಕಿ ಜಯಲತಾಳ ಕೈ ಹಿಡಿದುಕೊಂಡಳು. ಜಯಲತಾ, ‘ಚಟ್ಣಿ ಪುಡಿಯ ಡಬ್ಬಿ ನೀಲಿ ಬ್ಯಾಗಿನಲ್ಲಿ ಉಂಟು. ಅಡ್ಡ ಹಾಕ್ಬೇಡ, ಎಣ್ಣೆ ಬಿಡ್ತದೆ’ ಎಂದಳು. ಸೋನಾಲಿ ತಲೆಯಾಡಿಸಿದಳು. ರೈಲು ಹೊರಟಾಗ ಕೈ ಬಿಡಿಸಿಕೊಂಡದ್ದು ಯಾರು ಎಂದು ಗೊತ್ತಾಗಲಿಲ್ಲ.

ಜಯಲತಾ, ಪ್ರೇಮನಾಥ ಸೇತುವೆ ದಾಟಿ ಲೋಕಲ್ ನಿಲ್ಲುವ ಪ್ಲಾಟ್‌ಫಾರ್ಮಿಗೆ ಬಂದರು. ಪ್ರೇಮನಾಥ ಎರಡು ಚಹಾ ತಂದ. ಡೊಂಬಿವಲಿ ಕಡೆಯ ಸ್ಲೋ ಗಾಡಿ ಬಂತು, ಖಾಲಿಯೇ ಇತ್ತು.

‘ಹೋಗುವನಾ?’ ಎಂದು ಅವನು ಕೇಳಿದ.

‘ಮುಂದಿನದ್ದಕ್ಕೆ ಹೋಗುವ’ ಎಂದಳು ಜಯಲತಾ.

ಆ ಗಾಡಿ ಹೋಯಿತು. ಮುಂದಿನದೂ ಬಂದು ಹೋಯಿತು. ಪ್ರೇಮನಾಥ ಮತ್ತೆ ಕೇಳಲಿಲ್ಲ. ಅವಳ ಕೈಯಲ್ಲಿದ್ದ ಆರಿದ ಚಹಾದ ಕಪ್ಪನ್ನು ತೆಗೆದುಕೊಂಡು ಬೆಂಚಿನ ಕೆಳಗಿಟ್ಟು, ಅವಳ ಪಕ್ಕದಲ್ಲಿ ಹಾಗೆಯೇ ಕುಳಿತ.